ಒಂದನೇ ನಂಬರಿನ ರೈಟ್ರು

ಸಂಸೆಯಲ್ಲಿ ‘ಡಿಫಾಲ್ಟ್’ ಎಂಬ ಮಾತನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಆಡಬಾರದು. ಆಡಿದರೆ ಕೂತ ನಾಲ್ವರಲ್ಲಿ ಇಬ್ಬರು ನೆಲ ನೋಡುತ್ತಾರೆ, ಒಬ್ಬರಿಗೆ ತುರ್ತಾಗಿ ಮನೆಕೆಲಸ ನೆನಪಾಗುತ್ತದೆ. ಸೊಸೈಟಿಯ ಗೋಡೆಗೆ ಅಂಟಿಸುವ ಸುಸ್ತಿದಾರರ ಪಟ್ಟಿಯ ಮೂಲಕವೇ ಈ ಶಬ್ದ ನಮ್ಮೂರಿಗೆ ಬಂದದ್ದು. ಹಾಗಾಗಿ ಬೆಂಗಳೂರಿನಿಂದ ಬಂದ ನನ್ನ ಅಕ್ಕನ ಮಗ, ನನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುತ್ತಾ, “ಡಿಫಾಲ್ಟೇ ಸರಿ ಇಲ್ಲ ಮಾವ, ಎಲ್ಲಾ ಹಾಳಾಗಿದ್ದು ಅಲ್ಲಿಂದಲೇ” ಎಂದಾಗ ಪಕ್ಕದ ತೋಟದ ಗೌಡ್ರು ಕಾಫಿ ಲೋಟ ಕೆಳಗಿಟ್ಟು, “ಯಾರದ್ದು? ಈ ಸಲ ಯಾರ ಹೆಸರು ಬಂತು?” ಎಂದು ಕೇಳಿದರು.

ಹುಡುಗ ನಕ್ಕ. ಇದು ಆ ಡಿಫಾಲ್ಟ್ ಅಲ್ಲ, ನಾವು ಏನನ್ನೂ ಆರಿಸದೇ ಇದ್ದಾಗ ತಾನಾಗಿಯೇ ಬರುವಂಥದ್ದು ಎಂದ. ಗೌಡ್ರಿಗೆ ತೃಪ್ತಿಯಾಗಲಿಲ್ಲ. “ಸಾಲ ಕಟ್ಟದೇ ಇದ್ರೆ ಅದೂ ತಾನಾಗೇ ಬರ್ತದಪ್ಪ” ಅಂದರು. ಹುಡುಗ ಪರದೆಯನ್ನು ಅವರ ಕಡೆ ತಿರುಗಿಸಿ ಕನ್ನಡದ ಮೆನು ತೋರಿಸಿದ. ಡಿಫಾಲ್ಟ್ ಎಂಬುದಕ್ಕೆ ಅಲ್ಲಿ ಕನ್ನಡಿಸಿದವರು ಇಟ್ಟಿರುವ ಶಬ್ದ ‘ಪೂರ್ವನಿಯೋಜಿತ’. ಗೌಡ್ರು ದಿನಾ ಪೇಪರ್ ಓದುವವರು. ಅವರು ಆ ಶಬ್ದವನ್ನು ಕಂಡಿರುವುದು ಒಂದೇ ಜಾಗದಲ್ಲಿ: ‘ಇದೊಂದು ಪೂರ್ವನಿಯೋಜಿತ ಕೃತ್ಯ’ ಎಂದು ಪೊಲೀಸ್ ಅಧಿಕಾರಿಗಳು ಹೇಳಿಕೆ ಕೊಡುವ ಪುಟದಲ್ಲಿ. ಲ್ಯಾಪ್‌ಟಾಪನ್ನು ಒಂದು ಗೇಣು ದೂರ ಸರಿಸಿದರು.

ಆಷಾಢದ ಮಳೆ. ಕರೆಂಟು ಹೋಗಿ ಎರಡು ದಿನ. ಇನ್ವರ್ಟರ್ ಕೊನೆಯುಸಿರು ಎಳೆಯುತ್ತಿತ್ತು. ಲಿನಕ್ಸ್ ಹಾಕುವ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿದಿತ್ತು. ಅದರೊಳಗೆ ಡಿಫಾಲ್ಟ್ ಆಗಿ ಬಂದಿರುವ ಪ್ರತಿಯೊಂದೂ ಯಾಕೆ ತಪ್ಪು ಎಂದು ವಿವರಿಸುವ ಕೆಲಸ ಮಾತ್ರ ಶುಕ್ರವಾರ ರಾತ್ರಿ ಶುರುವಾಗಿ ಭಾನುವಾರ ಮಧ್ಯಾಹ್ನದವರೆಗೂ ನಡೆಯಿತು. ಬೇರೆ ದಿನವಾಗಿದ್ದರೆ ನಾನು ತೋಟಕ್ಕೆ ಎದ್ದು ಹೋಗುತ್ತಿದ್ದೆ. ಆ ಮಳೆಯಲ್ಲಿ ಎಲ್ಲಿಗೆ ಹೋಗುವುದು? ಕೇಳಿದೆ. ಕೇಳುತ್ತಾ ಹೋದಂತೆ ಇದು ನಮ್ಮದೇ ಕಥೆ ಅನ್ನಿಸತೊಡಗಿತು.

ಎಲ್ಲಕ್ಕಿಂತ ದೊಡ್ಡ ಜಗಳ ಒಂದನೇ ನಂಬರಿನವನದ್ದು. ಎಸ್ಟೇಟ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪ್ಯೂಟರಿನ ಗುಂಡಿ ಒತ್ತಿದಾಗ ಮೊದಲು ಏಳುವವನು ಧಣಿ. ಅವನಿಗೆ ಕರ್ನಲ್ ಎಂದು ಹೆಸರು. ಧಣಿ ಎದ್ದು ತಾನೇ ಕತ್ತಿ ಹಿಡಿದು ಮರಗಸಿಗೆ ಹೋಗುವುದಿಲ್ಲ. ಧಣಿಗಳು ಎಲ್ಲಾ ಕಡೆಯೂ ಒಂದೇ. ಅವನು ಒಬ್ಬನನ್ನು ಎಬ್ಬಿಸುತ್ತಾನೆ. ಆ ಒಬ್ಬನೇ ಒಂದನೇ ನಂಬರು, ನಮ್ಮ ಲೆಕ್ಕದಲ್ಲಿ ರೈಟ್ರು. ಗಂಟೆ ಹೊಡೆಯುವುದು, ಹಾಜರಿ ಕೂಗುವುದು, ಯಾರು ಚಿಗುರು ತೆಗೆಯಬೇಕು, ಯಾರು ಪಲ್ಪರ್ ಹತ್ತಿರ ನಿಲ್ಲಬೇಕು ಎಂದು ಹಂಚುವುದು, ಹೆತ್ತವರು ತೀರಿಕೊಂಡು ಅನಾಥವಾದ ಕೆಲಸಗಳನ್ನು ತನ್ನ ಮಕ್ಕಳೆಂದು ಬರೆದುಕೊಳ್ಳುವುದು, ಸಂಜೆ ಎಲ್ಲರನ್ನೂ ಮನೆಗೆ ಕಳಿಸಿ ಬಾಗಿಲು ಹಾಕುವುದು, ಎಲ್ಲಾ ಅವನದೇ. ಬೇರೆ ಯಾರು ಸತ್ತರೂ ಯಂತ್ರ ನಡೆಯುತ್ತದೆ. ಒಂದನೇ ನಂಬರಿನವನು ಸತ್ತರೆ ಧಣಿಗೆ ದಿಗಿಲು ಹಿಡಿದು ಆ ಕ್ಷಣದಲ್ಲೇ ಎಲ್ಲವೂ ನಿಂತುಬಿಡುತ್ತದೆ. ಲಿನಕ್ಸ್‌ನವರು ಅದನ್ನು ‘ಕರ್ನಲ್ ಪ್ಯಾನಿಕ್’ ಎನ್ನುತ್ತಾರೆ. ನಮ್ಮ ಪಕ್ಕದ ಕುದುರೆಮುಖದಲ್ಲಿ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತ ಮೇಲೆ ಆ ಟೌನ್‌ಶಿಪ್ಪನ್ನು ನೋಡಿದವರಿಗೆ ಈ ಪಾಠ ಬಾಯಿಪಾಠ.

ಬಹಳ ಕಾಲ ಲಿನಕ್ಸ್‌ನಲ್ಲಿ ಇದ್ದವನು ಹಳೇ ಕಾಲದ ರೈಟ್ರು. ಯೂನಿಕ್ಸ್ ಮನೆತನದ ಮನುಷ್ಯ, ಹೆಸರು ಸಿಸ್‌ವಿ ಇನಿಟ್. ಕೈಯಲ್ಲಿ ಬರೆದ ಚೀಟಿಗಳ ಕಟ್ಟು ಹಿಡಿದುಕೊಂಡು ಒಂದೊಂದೇ ಹೆಸರು ಕೂಗುವುದು, ಒಬ್ಬ ಬಂದು ನಿಂತ ಮೇಲೆ ಇನ್ನೊಬ್ಬನನ್ನು ಕರೆಯುವುದು. ನಿಧಾನ. ಆದರೆ ಚೀಟಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. 2010ರಲ್ಲಿ ಲೆನ್ನಾರ್ಟ್ ಪೊಯ್ಟರಿಂಗ್ ಮತ್ತು ಕೇ ಸೀವರ್ಸ್ ಹೊಸ ರೈಟ್ರನ್ನು ತಂದರು: ಸಿಸ್ಟಮ್‌ಡಿ. ಇವನು ಒಬ್ಬೊಬ್ಬರನ್ನಾಗಿ ಕಾಯುವವನಲ್ಲ, ಒಂದೇ ಕೂಗಿಗೆ ಇಡೀ ಲೈನು ಎದ್ದು ಬರಬೇಕು. ಯಾರು ಯಾರ ಮೇಲೆ ಅವಲಂಬಿತ, ಯಾರು ಬಿದ್ದರೆ ಯಾರನ್ನು ಎಬ್ಬಿಸಬೇಕು, ಎಲ್ಲಾ ಅವನ ತಲೆಯಲ್ಲೇ. ಫೆಡೋರಾ ಎಂಬ ಲಿನಕ್ಸಿನವರು 2011ರಲ್ಲೇ ಅವನಿಗೆ ಬೀಗದ ಕೈ ಕೊಟ್ಟರು.

ಅಷ್ಟಕ್ಕೇ ನಿಂತಿದ್ದರೆ ಯಾರೂ ಮಾತಾಡುತ್ತಿರಲಿಲ್ಲವೇನೋ. ಹೊಸ ರೈಟ್ರು ಬಂದ ಸ್ವಲ್ಪ ದಿನಕ್ಕೆ ದಿನಚರಿ ಪುಸ್ತಕವನ್ನೂ ತಾನೇ ಇಟ್ಟುಕೊಂಡ. ಆಮೇಲೆ ಗೇಟಿನಲ್ಲಿ ಯಾರು ಒಳಗೆ ಬಂದರು, ಯಾರು ಹೋದರು ಎಂಬ ಲೆಕ್ಕ. ಆಮೇಲೆ ಗಡಿಯಾರಕ್ಕೆ ಕೀ ಕೊಡುವುದು. ಆಮೇಲೆ ಹೊರಗಿನ ವಿಳಾಸ ಹುಡುಕಿಕೊಡುವುದು. ಕೊನೆಗೆ ಕೂಲಿಯವರ ಮನೆಯ ಪೆಟ್ಟಿಗೆಯ ಕೀಲಿ ಕೂಡ. ದಿನಚರಿಯನ್ನಾದರೂ ಎಲ್ಲರಿಗೂ ಓದಲು ಬರುವಂತೆ ಬರೆದನೇ ಎಂದರೆ ಅದೂ ಇಲ್ಲ. ಅದನ್ನು ಓದಲು ಅವನದೇ ಕನ್ನಡಕ ಹಾಕಿಕೊಳ್ಳಬೇಕು. ಒಬ್ಬನಿಗೆ ಒಂದೇ ಕೆಲಸ, ಅದನ್ನು ನೆಟ್ಟಗೆ ಮಾಡು ಎಂಬ ಯೂನಿಕ್ಸ್ ತತ್ವವನ್ನು ಮಂತ್ರದಂತೆ ಜಪಿಸಿಕೊಂಡು ಬೆಳೆದವರಿಗೆ ಮೈಯೆಲ್ಲಾ ಉರಿದುಹೋಯಿತು.

“ಒಬ್ಬನಿಗೆ ಒಂದೇ ಕೆಲಸವಾ?” ಗೌಡ್ರು ಮಧ್ಯೆ ಬಾಯಿ ಹಾಕಿದರು. “ನಮ್ಮ ತೋಟದಲ್ಲಿ ಇರೋನು ಒಬ್ಬ. ಅವನೇ ಡ್ರೈವರ್, ಅವನೇ ಪಂಪ್ ರಿಪೇರಿ, ಹಾವು ಬಂದ್ರೂ ಅವನೇ. ಅವನು ದೀಪಾವಳಿಗೆ ಊರಿಗೆ ಹೋದ್ರೆ ನಾನೂ ಎಲ್ಲಾದ್ರೂ ಹೋಗೋದೇ ಸರಿ.” ಹುಡುಗನಿಗೆ ಖುಷಿಯಾಯಿತು. “ಅದೇ ಗೌಡ್ರೇ, ಅದಕ್ಕೇ ವಿರೋಧ!” ಗೌಡ್ರು ಅವನನ್ನು ವಿರೋಧಿಸಿದ್ದರೋ ಬೆಂಬಲಿಸಿದ್ದರೋ ಅವರಿಗೇ ಗೊತ್ತಿರಲಿಲ್ಲ. ಇಡೀ ಜಗಳದಲ್ಲಿ ಮುಕ್ಕಾಲು ಪಾಲು ಜನರ ಸ್ಥಿತಿ ಹೀಗೇ ಇದ್ದಿರಬೇಕು ಎಂದು ನನ್ನ ಗುಮಾನಿ.

ಜಗಳದ ನಡುಮನೆ ಡೆಬಿಯನ್. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬ ಹುಡುಗ ಕಟ್ಟಿದ ವ್ಯವಸ್ಥೆ ಅದು. ಪ್ರೇಯಸಿ ಡೆಬ್ರಾಳ ಹೆಸರಿನ ಅರ್ಧಕ್ಕೆ ತನ್ನ ಹೆಸರು ಜೋಡಿಸಿ ಡೆಬಿಯನ್ ಎಂದಿಟ್ಟ. ಗಂಡಹೆಂಡಿರ ಹೆಸರು ಕೂಡಿಸಿ ಎಸ್ಟೇಟಿನ ಬೋರ್ಡು ಬರೆಸುವ ನಮ್ಮವರು ಇದನ್ನು ನೋಡಿ ನಗುವ ಹಾಗಿಲ್ಲ. ಡೆಬಿಯನ್ನಿಗೆ ಕಂಪನಿಯಿಲ್ಲ, ಮಾಲೀಕನಿಲ್ಲ. ಜಗತ್ತಿನಾದ್ಯಂತ ಚದುರಿದ ಸುಮಾರು ಸಾವಿರ ಸ್ವಯಂಸೇವಕರು, ಒಂದು ಲಿಖಿತ ಸಂವಿಧಾನ, ಮತದಾನದ ನಿಯಮಾವಳಿ, ಮೇಲೊಂದು ತಾಂತ್ರಿಕ ಸಮಿತಿ. ನಮ್ಮ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೂ ಇಷ್ಟು ಕಾನೂನು ಇಲ್ಲ.

ಈ ಸಮಿತಿಯ ಮುಂದೆ ಪ್ರಶ್ನೆ ಬಂತು: ಮುಂದಿನ ಡೆಬಿಯನ್ನಿನಲ್ಲಿ ಒಂದನೇ ನಂಬರು ಯಾರು? ಒಂದು ಕಡೆ ಸಿಸ್ಟಮ್‌ಡಿ, ಇನ್ನೊಂದು ಕಡೆ ಉಬುಂಟು ಎಂಬ ಮತ್ತೊಂದು ಲಿನಕ್ಸಿನ ಕ್ಯಾನೊನಿಕಲ್ ಕಂಪನಿ ಮಾಡಿದ್ದ ಅಪ್‌ಸ್ಟಾರ್ಟ್. ಸದಸ್ಯರು ಎಂಟು. ತಿಂಗಳುಗಟ್ಟಲೆ ಕಾಗದ ಬರೆದುಕೊಂಡರು. ಮತ ಎಣಿಸಿದರೆ ಆ ಕಡೆ ನಾಲ್ಕು, ಈ ಕಡೆ ನಾಲ್ಕು. 2014ರ ಫೆಬ್ರವರಿ 11ರಂದು ಅಧ್ಯಕ್ಷ ಬಿಡೇಲ್ ಗಾರ್ಬಿ ತನ್ನ ನಿರ್ಣಾಯಕ ಮತ ಚಲಾಯಿಸಿದ, ಸಿಸ್ಟಮ್‌ಡಿ ಗೆದ್ದಿತು. ಮೂರೇ ದಿನಕ್ಕೆ, ಅದೂ ಪ್ರೇಮಿಗಳ ದಿನದಂದು, ಉಬುಂಟುವಿನ ಯಜಮಾನ ಮಾರ್ಕ್ ಶಟಲ್‌ವರ್ತ್ ತನ್ನ ಮನೆಯ ಕೂಸು ಅಪ್‌ಸ್ಟಾರ್ಟನ್ನು ಕೈಬಿಟ್ಟು ಡೆಬಿಯನ್ ಹೋದ ದಾರಿಯಲ್ಲೇ ನಾವೂ ಬರುತ್ತೇವೆ ಎಂದು ಘೋಷಿಸಿದ. ಸೋತವನೇ ತೆಪ್ಪಗೆ ಒಪ್ಪಿಕೊಂಡ ಮೇಲೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನೀವು ಯಾವ ಸಂಘದಲ್ಲೂ ಸದಸ್ಯರಾಗಿಲ್ಲ ಎಂದಾಯಿತು.

ಅದೇ ವರ್ಷ ನವೆಂಬರಿನಲ್ಲಿ ವಿಷಯ ಸರ್ವಸದಸ್ಯರ ಮತಕ್ಕೆ ಹೋಯಿತು. ಬೇರೆ ತಂತ್ರಾಂಶಗಳು ಈ ಒಬ್ಬ ರೈಟ್ರನ್ನೇ ನೆಚ್ಚಿಕೊಳ್ಳಬಹುದೋ ಬಾರದೋ ಎಂಬುದು ಪ್ರಶ್ನೆ. ಪಟ್ಟಿಯಲ್ಲಿ ನಾಲ್ಕು ಪ್ರಸ್ತಾವ. ಐದನೆಯದ್ದು ಆಗಿನ ಡೆಬಿಯನ್ ಸಂವಿಧಾನದ ಪ್ರಕಾರ ಪ್ರತಿ ಮತಪತ್ರದಲ್ಲೂ ಇರಲೇಬೇಕಾದ ಆಯ್ಕೆ: ‘ಇನ್ನಷ್ಟು ಚರ್ಚೆಯಾಗಲಿ’. ಈ ಸಾಲಿಗೆ ಸಂವಿಧಾನದಲ್ಲಿ ಇಟ್ಟ ಹೆಸರು ಕೇಳಿ ನಾನು ಕಾಫಿ ಲೋಟವನ್ನೇ ಬೀಳಿಸಿದೆ. ಅದರ ಹೆಸರು ‘ಡಿಫಾಲ್ಟ್ ಆಯ್ಕೆ’. ಅಂದರೆ ಡಿಫಾಲ್ಟ್ ಜಗಳದ ಚುನಾವಣೆಯಲ್ಲಿ ಡಿಫಾಲ್ಟ್ ಆಗಿ ಇದ್ದದ್ದು ಚರ್ಚೆ. ಇಷ್ಟು ಪ್ರಾಮಾಣಿಕವಾದ ಸಂವಿಧಾನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೆದ್ದದ್ದು ಯಾವುದು? ನಾಲ್ಕನೇ ಪ್ರಸ್ತಾವ. ಅದರ ಸಾರ: ಈ ವಿಷಯಕ್ಕೆ ಸರ್ವಸದಸ್ಯರ ನಿರ್ಣಯವೇ ಬೇಕಾಗಿಲ್ಲ. ಸಾವಿರ ಜನ ಮತದಾರರನ್ನು ಕರೆದು, ವಾರಗಟ್ಟಲೆ ಬಡಿದಾಡಿ, ಮತ ಎಣಿಸಿ, ನಾವು ಸೇರಬೇಕಾಗಿರಲಿಲ್ಲ ಎಂದು ಬಹುಮತದಿಂದ ತೀರ್ಮಾನಿಸಿದರು! ಗ್ರಾಮಸಭೆಯಲ್ಲಿ ಕೋರಂ ಇಲ್ಲ ಎಂದು ಎದ್ದು ಬರುವ ನಾವು ಇವರ ಕಾಲಿನ ಧೂಳಿಗೂ ಸಮವಲ್ಲ.

ಆ ಹೊತ್ತಿಗೆ ಮನೆಯಲ್ಲಿ ಯಾರೂ ಯಾರ ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ. ಸಿಸ್ಟಮ್‌ಡಿ ವಿರುದ್ಧ ನಿಂತ ಇಯಾನ್ ಜಾಕ್ಸನ್ ಸಮಿತಿ ಬಿಟ್ಟ. ಪರವಾಗಿ ನಿಂತ ರಸ್ ಆಲ್ಬರಿಯೂ ಸಮಿತಿ ಬಿಟ್ಟ. ಎರಡು ದಶಕದ ಹತ್ತಿರ ದುಡಿದಿದ್ದ ಜೋಯಿ ಹೆಸ್ ಡೆಬಿಯನ್ನನ್ನೇ ಬಿಟ್ಟ. ಸೋತವನೂ ಹೋದ, ಗೆದ್ದವನೂ ಹೋದ. ಜಮೀನಿನ ಕೇಸು ಮುಗಿಯುವ ಹೊತ್ತಿಗೆ ವಾದಿ, ಪ್ರತಿವಾದಿ ಇಬ್ಬರೂ ಇರುವುದಿಲ್ಲವಲ್ಲ, ಹಾಗೆ. ಪೊಯ್ಟರಿಂಗ್‌ಗೆ ಬಂದ ಬೈಗುಳ, ಬೆದರಿಕೆಗಳ ಬಗ್ಗೆ ಅವನೇ ಆ ವರ್ಷ ಬಹಿರಂಗವಾಗಿ ಬರೆದುಕೊಂಡ. ಇಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಬೆಳಿಗ್ಗೆ ಯಾರು ಗಂಟೆ ಹೊಡೆಯಬೇಕು ಎಂಬುದಕ್ಕೆ ಒಬ್ಬ ಮನುಷ್ಯನ ಜೀವದ ಮಾತೆತ್ತುವವರಿಗೆ ಯಂತ್ರದ ಜೊತೆ ಇದ್ದೂ ಇದ್ದೂ ಏನೋ ಆಗಿದೆ.

ಆಮೇಲೆ ಆಗಬೇಕಾದದ್ದೇ ಆಯಿತು: ಹಿಸ್ಸೆ. ಹಳೇ ರೈಟ್ರೇ ಬೇಕು ಎಂದ ಒಂದು ಗುಂಪು 2014ರ ಕೊನೆಗೆ ಬೇರೆ ಮನೆ ಹೂಡಿ ಅದಕ್ಕೆ ಡೆವುವಾನ್ ಎಂದು ಹೆಸರಿಟ್ಟಿತು. ಹೊಸ ರೈಟ್ರಿರುವ ಡೆಬಿಯನ್ 2015ರ ಏಪ್ರಿಲಿನಲ್ಲಿ ಹೊರಬಂದರೆ, ಹಿಸ್ಸೆಯಾದವರ ಮೊದಲ ಬಿಡುಗಡೆ ಆದದ್ದು 2017ರ ಮೇ ತಿಂಗಳಲ್ಲಿ. ಪಾಲಾದ ಮೇಲೆ ಅಡಿಗೆಮನೆ ಕಟ್ಟಿಕೊಳ್ಳಲು ಯಾರಿಗೂ ಸ್ವಲ್ಪ ಸಮಯ ಬೇಕು. ಇತ್ತ ದೊಡ್ಡಮನೆಯಲ್ಲಿ 2019ರ ಡಿಸೆಂಬರಿನಲ್ಲಿ ಅದೇ ವಿಷಯಕ್ಕೆ ಮತ್ತೊಮ್ಮೆ ಮತ ಹಾಕಿದರು. ರೈಟ್ರು ಅವನೇ ಇರಲಿ, ಬೇರೆಯವರನ್ನು ಹುಡುಕುವವರಿಗೂ ಅಡ್ಡಿಯಿಲ್ಲ ಎಂದಾಯಿತು. ನಮ್ಮಲ್ಲಿ ಹುಡುಗಿ ನೋಡಲು ಹೋದವರು ಹೀಗೇ ಹೇಳಿ ಬರುತ್ತಾರೆ.

ಉಳಿದ ಡಿಫಾಲ್ಟ್ ಜಗಳಗಳನ್ನೆಲ್ಲಾ ಹೇಳುತ್ತಾ ಹೋದರೆ ಮಳೆಗಾಲ ಮುಗಿಯುತ್ತದೆ. ಒಂದನ್ನು ಮಾತ್ರ ಬಿಡಲಾರೆ. ಕಿಟಕಿ ಮುಚ್ಚುವ ಗುಂಡಿ ಬಲಗಡೆ ಇರಬೇಕೋ ಎಡಗಡೆ ಇರಬೇಕೋ? 2010ರಲ್ಲಿ ಉಬುಂಟು ಅದನ್ನು ಬಲದಿಂದ ಎಡಕ್ಕೆ ಸರಿಸಿತು. ಜನ ಬೀದಿಗಿಳಿದಂತೆ ಕೂಗಾಡಿದರು. ಇದು ಕೈ ಎತ್ತಿಸಿ ತೀರ್ಮಾನಿಸುವ ವಿಷಯವಲ್ಲ ಎಂಬರ್ಥದ ಮಾತನ್ನು ಶಟಲ್‌ವರ್ತ್ ಹೇಳಿದ. 2017ರಲ್ಲಿ ಗುಂಡಿ ವಾಪಸು ಬಲಕ್ಕೆ ಬಂತು. ಏಳು ವರ್ಷದಲ್ಲಿ ಒಂದು ಗುಂಡಿ ಪರದೆಯ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ನಮ್ಮೂರ ರಸ್ತೆಯ ಕಡತಕ್ಕೆ ಹೋಲಿಸಿದರೆ ಇದು ಕುದುರೆ ವೇಗವೇ.

ಇಲ್ಲಿಗೆ ಭಾನುವಾರ ಬೆಳಿಗ್ಗೆಯಾಗಿತ್ತು. ನಾನೂ ಗೌಡ್ರೂ ನಕ್ಕೂ ನಕ್ಕೂ ಸುಸ್ತಾಗಿದ್ದೆವು. (ಇದು ಸೊಸೈಟಿಯ ಸುಸ್ತಿ ಅಲ್ಲ.) ಹುಡುಗನಿಗೆ ಬೇಜಾರಾಯಿತು. “ನಗ್ತೀರಲ್ಲ ಮಾವ, ನಿಮ್ಮಲ್ಲಿ ಇಂಥ ಜಗಳ ಇಲ್ವಾ?” ಎಂದ.

ಇಲ್ಲವೇ? ಹೊಸ ಗಿಡ ಇಡುವ ತೋಟಕ್ಕೆ ನೆರಳಿನ ಮರ ಯಾವುದು ಎಂದು ಕಳಸದ ಪೇಟೆಯಲ್ಲಿ ನಿಂತು ಒಂದು ಮಾತು ಕೇಳಿ ನೋಡಿ. ಹಾಲುವಾಣದ ಪಂಥದವರು ಎಲೆ ಗೊಬ್ಬರದ, ತಂಪಿನ ಪುರಾಣ ತೆಗೆಯುತ್ತಾರೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಮರದ ಭಕ್ತರು ಮೆಣಸು ನೆಟ್ಟಗೆ ಹತ್ತುತ್ತದೆ, ಕೊನೆಗೆ ಮರವೂ ಕಾಸಾಗುತ್ತದೆ ಎನ್ನುತ್ತಾರೆ. ಎರಡೂ ಬೇಡ, ಕಾಡುಮರ ಇದ್ದಷ್ಟು ಇರಲಿ ಎನ್ನುವ ಮೂರನೆಯವನು ಬರುವ ಹೊತ್ತಿಗೆ ಕಳಸದಿಂದ ಸಂಸೆಗೆ ಬರುವ ಬಸ್ಸು ಹೋಗಿರುತ್ತದೆ. ಕಾಫಿ ಮಾರಾಟದಲ್ಲೂ ಒಂದು ಡಿಫಾಲ್ಟ್ ಇತ್ತು. 1942ರ ಕಾಯ್ದೆಯ ಕಾಲದಿಂದ ಬೆಳೆದದ್ದನ್ನೆಲ್ಲಾ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು. ಅವರು ಮಾರಿ, ಪಾಯಿಂಟ್ ಲೆಕ್ಕ ಹಾಕಿ, ಕಂತು ಕಂತಾಗಿ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. 90ರ ದಶಕದಲ್ಲಿ ಕಟ್ಟು ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ಬಿಡುಗಡೆಯಾಯಿತು. ಪೂಲ್ ಇದ್ದಾಗ ಪೂಲನ್ನು ಬೈಯುತ್ತಿದ್ದ ನಮ್ಮ ಗೌಡ್ರು ಈಗ ಅರೇಬಿಕಾ ಇಳಿದಾಗ ನ್ಯೂಯಾರ್ಕನ್ನೂ ರೋಬಸ್ಟಾ ಇಳಿದಾಗ ಲಂಡನ್ನನ್ನೂ ಬೈಯುತ್ತಾರೆ. ಬೈಗುಳದ ಅಂಚೆಚೀಟಿ ದುಬಾರಿಯಾಗಿದೆ, ಅಷ್ಟೇ ವ್ಯತ್ಯಾಸ.

ಹುಡುಗನ ಜಗಳದಲ್ಲಿ ನನಗೆ ಹಿಡಿಸದ ಒಂದು ವಿಷಯವಿತ್ತು. ಒಂದನೇ ನಂಬರಿನವನನ್ನು ಬದಲಿಸಬೇಕು ಎಂದು ಕೂಗಾಡಿದ ಪ್ರತಿಯೊಬ್ಬನಿಗೂ ತನ್ನ ಯಂತ್ರದಲ್ಲಿ ಅವನನ್ನು ಬದಲಿಸಿಕೊಳ್ಳಲು ಬರುತ್ತಿತ್ತು. ನಾಲ್ಕು ಸಾಲು ಟೈಪು ಮಾಡಿದರೆ ಆಯಿತು. ಅಂದಮೇಲೆ ಡಿಫಾಲ್ಟ್ ಏನಾದರೂ ಅವರಿಗೇನಂತೆ? ಡಿಫಾಲ್ಟ್‌ನ ಬಿಸಿ ತಟ್ಟುವುದು ಅದನ್ನು ಬದಲಿಸಲು ಬಾರದವನಿಗೆ. ಅವನು ಆ ಜಗಳದಲ್ಲಿ ಇರಲೇ ಇಲ್ಲ. ಇದನ್ನು ಹೇಳಿದಾಗ ಹುಡುಗ, “ಅದಕ್ಕೇ ಅಲ್ವಾ ಮಾವ ಜಗಳ? ಬದಲಿಸೋಕೆ ಬರದವರ ಪರವಾಗಿ” ಎಂದ. ಪರವಾಗಿ ಜಗಳ ಆಡುವವರನ್ನು ನಾನು ಬಹಳ ಚುನಾವಣೆಗಳಲ್ಲಿ ಕಂಡಿದ್ದೇನೆ. ಸುಮ್ಮನಾದೆ.

ಬದಲಿಸಲು ಬಾರದವನ ಪಾಡು ಏನೆಂದು ಹತ್ತು ನಿಮಿಷದಲ್ಲೇ ಗೊತ್ತಾಯಿತು. ಹೊಸ ಲಿನಕ್ಸ್‌ನಲ್ಲಿ ಮೊದಲು ನನ್ನ ಊರಿನ ಹೆಸರು ಹೊಡೆಯೋಣ ಎಂದು ಕನ್ನಡ ಕೀಲಿಮಣೆ ಆರಿಸಿಕೊಂಡೆ. ‘ನುಡಿ’ ತಂತ್ರಾಂಶದಲ್ಲಿ ರೂಢಿಯಾದ ಕೈ: ಎಸ್, ದೊಡ್ಡ ಎಂ, ಎಸ್, ಇ. ಸಂಸೆ ಬರಬೇಕು. ಬಂದದ್ದನ್ನು ನೋಡಿ ಗೌಡ್ರು, “ಇದು ತಮಿಳುನಾಡಿನ ಕಡೆ ಊರಾ?” ಎಂದರು. ಹುಡುಗ ವಿವರಿಸಿದ: ಇಲ್ಲಿ ಡಿಫಾಲ್ಟ್ ಇನ್‌ಸ್ಕ್ರಿಪ್ಟ್. ಅದರಲ್ಲಿ ಸಂಸೆ ಬರಬೇಕಾದರೆ ಎಂ, ಎಕ್ಸ್, ಎಂ, ಝಡ್ ಒತ್ತಬೇಕು. ‘ಬರಹ’ ತಂತ್ರಾಂಶದಲ್ಲಿ ಕಲಿತವರಾಗಿದ್ದರೆ ಎಸ್ ಆದಮೇಲೆ ಒಂದು ಎ ಕೂಡ ಸೇರಿಸುತ್ತಿದ್ದಿರಿ. ಒಂದು ಊರು, ಎರಡೂವರೆ ಅಕ್ಷರ, ಮೂರು ದಾರಿ. ಇಷ್ಟು ದಾರಿ ನಿಜವಾದ ಸಂಸೆಗೇ ಇಲ್ಲ.

ಇನ್‌ಸ್ಕ್ರಿಪ್ಟ್ ದಿಲ್ಲಿಯ ಕೂಸು. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತದ ಎಲ್ಲಾ ಲಿಪಿಗೂ ಒಂದೇ ವಿನ್ಯಾಸ ಇರಲಿ ಎಂದು ಹೊರಡಿಸಿದ್ದು. ಸ್ವರಗಳೆಲ್ಲಾ ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಯಾವ ಭಾಷೆಯಾದರೂ ‘ಕ’ ಇರುವುದು ಒಂದೇ ಕೀಲಿಯಲ್ಲಿ. ಯೋಚನೆ ಬಹಳ ಚೆನ್ನಾಗಿದೆ. ಈಗ ನಮ್ಮ ತೋಟಗಳಿಗೆ ಅಸ್ಸಾಮಿನಿಂದ ಕೆಲಸಕ್ಕೆ ಬರುವ ಹುಡುಗರೂ ನಾನೂ ಒಂದೇ ಕೀಲಿಮಣೆ ಮುಂದೆ ಕೂತರೆ ಇಬ್ಬರ ಕಕಾರವೂ ಒಂದೇ ಜಾಗದಲ್ಲಿ ಸಿಗುತ್ತದೆ. ಅವರೂ ಅದನ್ನು ಕಲಿತಿಲ್ಲ, ನಾನೂ ಕಲಿತಿಲ್ಲ ಎಂಬುದೊಂದೇ ತೊಂದರೆ.

ನಾವು ಕಲಿತದ್ದು ಬೇರೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡದ ಅಷ್ಟೂ ಅಕ್ಷರವನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೆ ಕೂರಿಸಿದರು. ಕೆ ಒತ್ತಿದರೆ ಕ, ಎಫ್ ಒತ್ತಿದರೆ ಒತ್ತಕ್ಷರಕ್ಕೆ ಬಾಗಿಲು. ಅದನ್ನು ಬಳಸಿದ ‘ಸೇಡಿಯಾಪು’ ತಂತ್ರಾಂಶವನ್ನು ಬೇಕಾದವರಿಗೆ ಪುಕ್ಕಟೆಯಾಗಿ ಕೊಟ್ಟರು. ಅದೇ ವಿನ್ಯಾಸದ ಬುನಾದಿಯ ಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಸರ್ಕಾರ ಅದಕ್ಕೆ ಮುದ್ರೆ ಒತ್ತಿತು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರ ‘ಬರಹ’ 1998ರಿಂದ ಬೇರೊಂದು ದಾರಿ ಹಿಡಿದಿತ್ತು. ಹೀಗೆ ಕನ್ನಡಿಗರು ಎರಡು ಪಂಥವಾದರು. ಮನೆಯ ಅಣ್ಣ ನುಡಿ, ತಮ್ಮ ಬರಹ. ಒಬ್ಬ ಬರೆದ ಕಾಗದ ಇನ್ನೊಬ್ಬನ ಯಂತ್ರದಲ್ಲಿ ತೆರೆಯುತ್ತಿರಲಿಲ್ಲ. ಲಿನಕ್ಸ್‌ನವನ ಪಾಡು ಇನ್ನೂ ಚೆಂದ. ಆ ಕಾಲದ ಸರ್ಕಾರಿ ಸುತ್ತೋಲೆಯನ್ನು ತೆರೆದರೆ ತಲೆಯ ಮೇಲೆ ಚುಕ್ಕಿ, ಗೀಟು, ಟೊಪ್ಪಿ ಹಾಕಿಕೊಂಡ ಯುರೋಪಿನ ಅಕ್ಷರಗಳು ಸಾಲಾಗಿ ನಿಂತಿರುತ್ತಿದ್ದವು. ಫಾಂಟಿನ ಮುಖವಾಡ ಕಳಚಿದರೆ ಒಳಗೆ ಕನ್ನಡವೇ ಇರಲಿಲ್ಲ. ಅದನ್ನು ಓದಿದ ಫ್ರೆಂಚರು ಯಾರಾದರೂ ಕಂದಾಯ ಕಟ್ಟಿದರೋ ಏನೋ.

ಈ ಜಗಳಕ್ಕೂ ನಮ್ಮ ಗುಡ್ಡಕ್ಕೂ ನೆಂಟಸ್ತನವಿದೆ. ಸಂಸೆ ಆಗಿನ್ನೂ ಮೂಡಿಗೆರೆ ತಾಲೂಕಿನಲ್ಲೇ ಇತ್ತು. ಆ ಮೂಡಿಗೆರೆಯ ಕಾಫಿ ತೋಟದಲ್ಲಿ ಕೂತು ಕನ್ನಡದ ತಂತ್ರಾಂಶದ ಬಗ್ಗೆ ತಲೆ ಕೆಡಿಸಿಕೊಂಡವರು ಪೂರ್ಣಚಂದ್ರ ತೇಜಸ್ವಿ. ಹಾಸನದ ಮಾರುತಿ ತಂತ್ರಾಂಶದವರು ಸಿದ್ಧಪಡಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು ಕನ್ನಡ ತಂತ್ರಾಂಶ’ದ ಬೆನ್ನಿಗೆ ನಿಂತವರು ಅವರೇ. ಕಾದಂಬರಿ ಬರೆಯುವುದು ಬಿಟ್ಟು ಇದೆಂಥಾ ಉಸಾಬರಿ ಎಂದು ಆಗ ಅಂದುಕೊಂಡವರಲ್ಲಿ ನಾನೂ ಒಬ್ಬ. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಮುಂದೆ ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿ ಕೂತು, 2012ರ ಹೊತ್ತಿಗೆ ಸರ್ಕಾರ ಎಲ್ಲಾ ಯಂತ್ರಗಳಿಗೂ ಒಂದೇ ಸಂಕೇತವಾದ ಯೂನಿಕೋಡಿಗೆ ಬಂತು. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಕಾದಿರಿಸಿದ ಸೀಟಿಗೆ ಹೋಗಿ ಕೂರಲು ನಮಗೆ ಇಪ್ಪತ್ತೊಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಬಸ್ಸು ಘಾಟಿ ಇಳಿದಿತ್ತು.

ಗಮನಿಸಿ: ಕನ್ನಡದ ಈ ಡಿಫಾಲ್ಟ್‌ಗೆ ಯಾರೂ ಮತ ಹಾಕಲಿಲ್ಲ. ನಾಲ್ಕಕ್ಕೆ ನಾಲ್ಕು ಸಮವಾಗಲಿಲ್ಲ, ಯಾವ ಅಧ್ಯಕ್ಷನೂ ತನ್ನ ಹೆಸರು ಹಾಕಿ ನಿರ್ಣಾಯಕ ಮತ ಕೊಡಲಿಲ್ಲ. ಡೆಬಿಯನ್ನಿನವರು ಆಡಿದ ಒಂದೊಂದು ಕೆಟ್ಟ ಮಾತನ್ನೂ ತಾರೀಖು ಸಮೇತ ಇವತ್ತಿಗೂ ಯಾರು ಬೇಕಾದರೂ ಓದಬಹುದು. ನಮ್ಮದು ಆದೇಶದ ಒಂದು ಹಾಳೆ, ಕೆಳಗೆ ‘ರಾಜ್ಯಪಾಲರ ಆದೇಶಾನುಸಾರ’. ರಾಜ್ಯಪಾಲರಿಗೆ ಯಾವ ಕೀಲಿಮಣೆ ಇಷ್ಟವಿತ್ತೋ!

ಹುಡುಗ ಮೆನು ಒಳಗೆ ಕೈ ಹಾಕಿ ‘ಕಗಪ’ ಎಂಬ ಸಾಲು ಹುಡುಕಿಕೊಟ್ಟ. ಗಣಕ ಪರಿಷತ್ತಿನ ವಿನ್ಯಾಸ, ಪಟ್ಟಿಯಲ್ಲಿ ಎರಡನೆಯದು. ನಾಲ್ಕು ಸಲ ಒತ್ತಿದ್ದಕ್ಕೆ ನನ್ನ ಸಂಸೆ ಬಂತು. ಅಷ್ಟೇ ಕೆಲಸ. ಆದರೆ ಪಟ್ಟಿಯಲ್ಲಿ ಎರಡನೇ ಸಾಲು ಇದೆ ಎಂದು ಹೇಳಿಕೊಡಲು ಬೆಂಗಳೂರಿನಿಂದ ಅಕ್ಕನ ಮಗ ಬರಬೇಕಾಯಿತು. ಅಕ್ಕನಿಲ್ಲದವರು ಎಂ, ಎಕ್ಸ್, ಎಂ, ಝಡ್ ಒತ್ತುತ್ತಲೇ ಇರಬೇಕು.

ಗೌಡ್ರು ಏಳುವ ಹೊತ್ತಿಗೆ ಒಂದು ಮಾತು ಕೇಳಿದರು. “ಅಲ್ಲಪ್ಪ, ಇಷ್ಟೆಲ್ಲಾ ಹೊಡೆದಾಡಿದ್ರಲ್ಲ, ಈ ಲಿನಕ್ಸ್ ಅನ್ನೋದನ್ನ ಯೂಸ್ ಮಾಡೋರು ನಮ್ಮೂರಲ್ಲಿ ನಿಮ್ಮ ಮಾವ ಬಿಟ್ರೆ ಯಾರಿದ್ದಾರೆ?”

ಹುಡುಗ ಗೌಡ್ರ ಅಂಗಿಯ ಜೇಬು ತೋರಿಸಿದ. ಆಂಡ್ರಾಯ್ಡ್ ಫೋನಿನ ಒಳಗಿರುವ ಧಣಿಯೂ ಲಿನಕ್ಸೇ. ಗೌಡ್ರ ಜೇಬಿನಲ್ಲಿ, ನನ್ನ ಹೆಂಡತಿಯ ದಿಂಬಿನ ಕೆಳಗೆ, ಲೈನ್ ಮನೆಯ ಕಿಟಕಿಗಳಲ್ಲಿ ಸಿಗ್ನಲ್ಲಿಗಾಗಿ ನೇತು ಹಾಕಿದ ಪ್ಲಾಸ್ಟಿಕ್ ಚೀಲಗಳಲ್ಲಿ, ಎಲ್ಲೆಲ್ಲೂ ಅದೇ ಧಣಿ. ಅಲ್ಲಿಯೂ ಒಬ್ಬ ಒಂದನೇ ನಂಬರಿನವನಿದ್ದಾನೆ. ಅವನು ಸಿಸ್ಟಮ್‌ಡಿಯೂ ಅಲ್ಲ, ಹಳೇ ರೈಟ್ರೂ ಅಲ್ಲ. ಕಂಪನಿಯೇ ನೇಮಿಸಿ ಕಳಿಸಿದ ಬೇರೆ ಆಸಾಮಿ. ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಯಾವ ಸಮಿತಿಯೂ ಎಂಟು ಜನ ಕೂತು ಕಾಗದ ಬರೆದುಕೊಂಡು ಜಗಳ ಆಡಲಿಲ್ಲ. ಯಾರೂ ರಾಜೀನಾಮೆ ಕೊಡಲಿಲ್ಲ, ಯಾರೂ ಹಿಸ್ಸೆ ಕೇಳಲಿಲ್ಲ. ಕೀಲಿಮಣೆಯೂ ಹಾಗೇ ಬಂತು. ಕಗಪ, ಇನ್‌ಸ್ಕ್ರಿಪ್ಟ್, ಬರಹ ಎಂದು ನಾವು ಹೊಡೆದಾಡಿದ್ದನ್ನು ಕಾಣದ ಮಕ್ಕಳು ಈಗ ಇಂಗ್ಲಿಷ್ ಅಕ್ಷರದಲ್ಲೇ ‘ನಾಳೆ ಬರ್ತೀನಿ’ ಎಂದು ಕುಟ್ಟುತ್ತಾರೆ. ಅಸ್ಸಾಮಿನ ಹುಡುಗರು ಅದನ್ನೂ ಕುಟ್ಟುವುದಿಲ್ಲ, ಮೈಕಿನ ಚಿತ್ರ ಒತ್ತಿ ತಮ್ಮ ಭಾಷೆಯಲ್ಲಿ ಮನೆಯವರಿಗೆ ಮಾತು ಕಳಿಸುತ್ತಾರೆ.

“ಹಂಗಾದ್ರೆ ಇದೂ ಪೂರ್ವನಿಯೋಜಿತವೇ” ಎಂದು ಗೌಡ್ರು ಕೊಡೆ ಬಿಡಿಸಿಕೊಂಡು ಹೋದರು.

ಹುಡುಗ ಸಂಜೆಯ ಬಸ್ಸಿಗೆ ಹೊರಟ. ಅವನ ಜಗಳಗಳನ್ನು ನಾನು ಇನ್ನು ನಗೆಯಾಡುವುದಿಲ್ಲ ಎಂಬ ಮಾತು ಬಾಯಿಗೆ ಬಂತು, ಹೇಳಲಿಲ್ಲ. ಹೇಳಿದ್ದರೆ ಸೋಮವಾರಕ್ಕೂ ಉಳಿಯುತ್ತಿದ್ದ. ಮರುದಿನ ಬೆಳಿಗ್ಗೆ ಕರೆಂಟು ಬಂದಿತ್ತು. ಚಾರ್ಜಿಗೆ ಹಾಕಿದ್ದ ಫೋನು ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿ, ಕೀಲಿಮಣೆಯ ಮೈಕು ಎಡಗಡೆ ಇದ್ದದ್ದು ಬಲಗಡೆಗೆ ಹೋಗಿತ್ತು.